ವಾಂತಿ ನಿಂತ ಮೇಲೆ

ಸಾಹೇಬ ಎರಡನೆಯ ಸಲ ವಾಂತಿ ಮಾಡಿಕೊಂಡದ್ದು ಹೊಲಿಗೆ ಯಂತ್ರದ ಪಕ್ಕದಲ್ಲೇ, ಗಿರಾಕಿಯೊಬ್ಬಳು ತೋಳು ಗಿಡ್ಡ ಮಾಡಲು ಕೊಟ್ಟುಹೋಗಿದ್ದ ಕೋಟಿನ ಅಂಚಿಗೆ ತಾಗುವಂತೆ. ಸೊಸೆ ಪೆಡಲಿನಿಂದ ಕಾಲು ತೆಗೆದವಳೇ ಕೋಟನ್ನು ಸರಕ್ಕನೆ ಮೇಲಕ್ಕೆಳೆದುಕೊಂಡಳು. ನೆಲದ ಮೇಲೆ ಹಳದಿ ನೊರೆ; ಅದರ ನಡುವೆ ಎರಡೋ ಮೂರೋ ಜೋಳದ ಕಾಳು. ಅವಳು ಮೊದಲು ಮಾಡಿದ ಕೆಲಸವೆಂದರೆ ಚಿಂದಿ ಬಟ್ಟೆಯಿಂದ ಆ ಕಾಳುಗಳನ್ನು ಒರೆಸಿ, ಬಟ್ಟೆಯನ್ನು ಮುದ್ದೆ ಮಾಡಿ, ಚಿಂದಿ ಚೀಲದ ತಳಕ್ಕೆ ತುರುಕಿದ್ದು. ಕೂಗಿದ್ದು ಆಮೇಲೆ.

"ಅತ್ತೆ, ಸಾಹೇಬ ಮತ್ತೆ ಕಕ್ಕಿಕೊಂಡ."

"ಕಕ್ಕಿಕೊಂಡ ಅಲ್ಲ, ಕಕ್ಕಿಕೊಂಡ್ರು ಅನ್ನು," ಒಳಕೋಣೆಯಿಂದ ದನಿ ಬಂತು. "ನಿನ್ನ ನಾಲಿಗೆಗೆ ಮರ್ಯಾದೆ ಕಲಿಸೋದ್ರಲ್ಲೇ ನನ್ನ ಆಯಸ್ಸು ಮುಗೀತು."

ಸಾಹೇಬ ಎಂದರೆ ನಾಯಿ. ಕಂದು ಮೈ, ಜೋತುಬಿದ್ದ ಕಿವಿ, ಯಾರನ್ನು ಕಂಡರೂ ಮೊದಲು ಬಾಲ ಆಡಿಸಿ ಆಮೇಲೆ ಬೊಗಳುವ ಜಾತಿ. ಮಾವ ತೀರಿಕೊಂಡ ವರ್ಷ ಅತ್ತೆ ಅದನ್ನು ಅಂಗೈಯಗಲದ ಮರಿಯಾಗಿದ್ದಾಗ ತಂದು ಸಾಕಿದ್ದರು. ಅಂದಿನಿಂದ ಅದಕ್ಕೆ ಬಹುವಚನ. "ಊಟ ಆಯ್ತಾ ಸಾಹೇಬ್ರೆ?" "ಸಾಹೇಬ್ರಿಗೆ ಸೆಖೆ ಆಗ್ತಿದೆ, ಫ್ಯಾನ್ ಹಾಕೇ." ಮಗನಿಗೆ ಏಕವಚನ, ಸೊಸೆಗೆ ಏಕವಚನ, ಬಹುವಚನವೇನಿದ್ದರೂ ನಾಯಿಗೆ. ಹೊಸದಾಗಿ ಈ ಮನೆಗೆ ಬಂದಾಗ ಸೊಸೆಗೆ ಅದು ನಗು ತರಿಸಿತ್ತು. ಅಪ್ಪನಿಗೆ ಫೋನಿನಲ್ಲಿ ಅತ್ತೆಯ ದನಿಯನ್ನೇ ಅಣಕಿಸಿ ಹೇಳಿದಾಗ ಅವರು ಆ ಕಡೆಯಿಂದ ಕೆಮ್ಮು ಬರುವಷ್ಟು ನಕ್ಕಿದ್ದರು.

ಅತ್ತೆ ಕನ್ನಡಕ ಏರಿಸಿಕೊಳ್ಳುತ್ತ ಬಂದರು. ದೊಡ್ಡಾಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿ ನಿವೃತ್ತರಾದವರು. ಈಗಲೂ ಬೀದಿಯವರಿಗೆಲ್ಲ ಅವರು ಮೇಟ್ರನಮ್ಮ. ಜ್ವರ ಬಂದ ಮಗುವನ್ನೆತ್ತಿಕೊಂಡು ಜನ ಮೊದಲು ಬರುತ್ತಿದ್ದುದು ಇವರ ಬಾಗಿಲಿಗೆ. ಬೀರುವಿನಲ್ಲಿ ಬಿಸ್ಕತ್ತಿನ ಡಬ್ಬಿಯ ತುಂಬ ಮಾತ್ರೆಗಳು, ಸಿರಿಂಜು, ಸಣ್ಣ ಸಣ್ಣ ಗಾಜಿನ ಬಾಟಲಿಗಳು. ಅತ್ತೆಯ ಕೈ ಒಳ್ಳೆಯದು ಎಂಬುದರಲ್ಲಿ ಎರಡು ಮಾತಿಲ್ಲ. ಅವರು ಸೂಜಿ ಚುಚ್ಚಿದರೆ ಮಕ್ಕಳು ಅಳುವುದನ್ನೇ ಮರೆಯುತ್ತಿದ್ದವು. ತಪ್ಪಾದೀತು ಎಂಬ ಅನುಮಾನ ಆ ಕೈಗೆ ಬಂದದ್ದೇ ಇಲ್ಲ.

ಅವರು ನಾಯಿಯ ಮುಂದೆ ಮೊಣಕಾಲೂರಿ ಕೂತರು. ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ವಸಡು ಒತ್ತಿದರು.

"ಏನಾಗಿದೆ ನನ್ನ ರಾಜರಿಗೆ? ಹೊಟ್ಟೆ ಕೆಟ್ಟಿದೆ, ಅಷ್ಟೆ. ಏನು ಹಾಕಿದೆ ನೀನು?"

"ದಿನಾ ಹಾಕೋದೇ ಅತ್ತೆ."

"ಕಸದ ಬುಟ್ಟಿ ಮುಚ್ಚಿತ್ತಾ?"

"ಮುಚ್ಚಿತ್ತು."

ಮುಚ್ಚಿರಲಿಲ್ಲ. ಹಿಂದಿನ ಮಧ್ಯಾಹ್ನ ಗಂಡ ಊಟಕ್ಕೆಂದು ಬಂದಿದ್ದ. ಲಿಫ್ಟ್ ರಿಪೇರಿಯ ಕೆಲಸ ಹತ್ತಿರದಲ್ಲೇ ಇತ್ತಂತೆ. ಅತ್ತೆ ಮನೆಯಲ್ಲಿರಲಿಲ್ಲ. ಬರುವಾಗ ಹಸಿ ಮುಸುಕಿನ ಜೋಳದ ತೆನೆ ತಂದಿದ್ದ. ಅವಳು ಬೇಯಿಸಿದಳು, ಇಬ್ಬರೂ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ತಿಂದರು. ಅವನು ಹೋದ ಮೇಲೆ ಕಾಳು ತಿಂದುಳಿದ ದಿಂಡುಗಳನ್ನು ಬುಟ್ಟಿಗೆ ಹಾಕಿದಳು. ಅಷ್ಟರಲ್ಲಿ ಬಾಗಿಲಲ್ಲಿ ಗಿರಾಕಿ. ಮುಚ್ಚಳ ಹಾಕುವುದು ಮರೆತುಹೋಯಿತು. ತಿರುಗಿ ಬಂದಾಗ ಸಾಹೇಬನ ಬಾಯಲ್ಲಿ ಅರ್ಧ ಮುರಿದ ದಿಂಡು. "ಏಯ್, ಬಿಡೋ!" ಎಂದು ಅವಳು ನುಗ್ಗಿದ್ದೇ ತಪ್ಪಾಯಿತು. ಕಿತ್ತುಕೊಳ್ಳುತ್ತಾಳೆಂದು ಹೆದರಿದ ನಾಯಿ ಕತ್ತು ಮುಂದೆ ಚಾಚಿ, ಒಮ್ಮೆ, ಇನ್ನೊಮ್ಮೆ ಗುಟುಕರಿಸಿ, ಆ ತುಂಡನ್ನು ಅನಾಮತ್ತಾಗಿ ನುಂಗಿಬಿಟ್ಟಿತು. ಆಮೇಲೆ ಬಾಲ ಆಡಿಸಿತು.

ಅವಳು ಹೇಳದೆ ಉಳಿದದ್ದು ಬರೀ ಹೆದರಿಕೆಗೆ. ಬುಟ್ಟಿ ತೆರೆದಿಟ್ಟದ್ದಕ್ಕೆ ಒಂದು ವಾರ ಮಾತು ಕೇಳಬೇಕಲ್ಲ ಎಂಬ ಹೆದರಿಕೆ. ತಾನಾಗಿ ಹೋಗುತ್ತದೆ, ನಾಯಿಗಳು ಏನೇನೋ ತಿಂದು ಅರಗಿಸಿಕೊಳ್ಳುತ್ತವೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು. ಈಗ ಹಳದಿ ನೊರೆ ನೋಡಿದ ಮೇಲೆ ಆ ಸಮಾಧಾನ ನಿಲ್ಲಲಿಲ್ಲ. ತಪ್ಪು ಒಪ್ಪಿಕೊಳ್ಳದೆಯೇ ನಾಯಿಯನ್ನು ಡಾಕ್ಟರ ಮುಂದೆ ನಿಲ್ಲಿಸಿದರೆ ಸಾಕು, ಉಳಿದದ್ದನ್ನು ಅವರೇ ಕಂಡುಹಿಡಿಯುತ್ತಾರೆ ಎನ್ನಿಸಿತು.

"ಅತ್ತೆ, ಒಂದ್ಸಲ ಪ್ರಾಣಿ ಡಾಕ್ಟ್ರಿಗೆ ತೋರಿಸ್ಕೊಂಡು ಬರೋಣ್ವಾ? ನಾನೇ ಕರ್ಕೊಂಡು ಹೋಗ್ತೀನಿ."

ಅತ್ತೆ ಆಗಲೇ ಡಬ್ಬಿ ತೆರೆದು ವಾಂತಿ ನಿಲ್ಲುವ ಮಾತ್ರೆಯ ಹಾಳೆ ಹುಡುಕುತ್ತಿದ್ದರು. ತಲೆ ಎತ್ತಲಿಲ್ಲ.

"ನಾನಿರೋ ಮನೆಗೆ ಡಾಕ್ಟ್ರು ಯಾಕೆ?"

ಸೊಸೆಯ ಕೈಯಲ್ಲಿದ್ದ ಒರೆಸುವ ಬಟ್ಟೆ ನಿಂತಲ್ಲೇ ನಿಂತಿತು. ಇದೇ ಮಾತನ್ನು ಇದೇ ದನಿಯಲ್ಲಿ ಅವಳು ಒಮ್ಮೆ ಕೇಳಿದ್ದಳು.

ಆಗ ಅಪ್ಪ ನಾಲ್ಕು ದಿನ ಇದ್ದು ಹೋಗಲೆಂದು ಬಂದಿದ್ದರು. ಅಮ್ಮ ಹೋದ ಮೇಲೆ ಒಬ್ಬರೇ ಇದ್ದವರು; ಟೈಲರ್ ಅಂಗಡಿ ಮುಚ್ಚಿ ಬಂದಿದ್ದರು. ಅವಳಿಗೆ ಹೊಲಿಗೆ ಕಲಿಸಿದ್ದು ಅವರೇ. ಒಂದು ಸಂಜೆ ಊಟದ ಮುಂದೆ ಕೂತವರು ಎದ್ದು ಹೋಗಿ ವಾಂತಿ ಮಾಡಿಕೊಂಡರು, ಇನ್ನೊಮ್ಮೆ ಮಾಡಿಕೊಂಡರು. ಹಣೆ ಬೆವರಿತ್ತು. "ಎದೆ ಮೇಲೆ ಏನೋ ಇಟ್ಟ ಹಾಗಿದೆ ಕಣೇ," ಎಂದರು. ಅವಳು ಆಟೋ ಕರೆಯಲು ಚಪ್ಪಲಿ ಹಾಕಿಕೊಂಡಿದ್ದಳು. ಅತ್ತೆ ಬಾಗಿಲಿಗೆ ಅಡ್ಡ ನಿಂತು, ನಾನಿರೋ ಮನೆಗೆ ಡಾಕ್ಟ್ರು ಯಾಕೆ, ಗ್ಯಾಸು ಅಷ್ಟೆ ಎಂದರು. ಇಂಜೆಕ್ಷನ್ ಕೊಟ್ಟರು. ವಾಂತಿ ನಿಂತಿತು. "ನೋಡಿದ್ಯಾ? ನಿಂದೆಲ್ಲ ಬರೀ ಗಾಬರಿ." ಅಪ್ಪ ಬೀಗಿತ್ತಿಗೆ ಕೈ ಮುಗಿದು ಮಲಗಿದರು. ಬೆಳಿಗ್ಗೆ ಸೊಸೆ ಟೀ ಹಿಡಿದು ಹೋದಾಗ ಅವರ ಕೈ ಮಂಚದಿಂದ ಕೆಳಗೆ ಇಳಿಬಿದ್ದಿತ್ತು. ಮುಟ್ಟಿದರೆ ಆ ಮನೆಯ ನೆಲದಷ್ಟು ತಣ್ಣಗಿತ್ತು.

ಹೃದಯ ನಿಂತಿದೆ ಎಂದರು. ಆಸ್ಪತ್ರೆಗೆ ಹೋಗಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಯಾರು ಹೇಳಬೇಕು? ಅತ್ತೆಯಂತೂ ಹೇಳಲಿಲ್ಲ. ಮಣ್ಣು ಮಾಡುವ ದಿನ ನೀರು, ಕುರ್ಚಿ, ಬಂದವರ ಊಟ ಎಲ್ಲವನ್ನೂ ವಾರ್ಡು ನಡೆಸಿದ ಹಾಗೆ ಅಚ್ಚುಕಟ್ಟಾಗಿ ನಡೆಸಿದರು. ಗಂಡ ಅವಳ ಬೆನ್ನು ಸವರುತ್ತ, "ಅಮ್ಮ ಬೇಕಂತ ಮಾಡಿದ್ದಲ್ಲ," ಎಂದ. ಬೇಕಂತ ಮಾಡಿದ್ದು ಎಂದು ಅವಳು ಅಂದಿರಲೇ ಇಲ್ಲ.

"ಏನು ಕನಸು ಕಾಣ್ತಿದ್ದೀಯ? ಬಾಯಿ ಅಗಲಿಸಿ ಹಿಡಿ," ಅತ್ತೆ ಗದರಿದರು.

ಸೊಸೆ ಬಾಗಿ ನಾಯಿಯ ದವಡೆ ಹಿಡಿದಳು. ಅತ್ತೆ ಮಾತ್ರೆಯನ್ನು ನಾಲಿಗೆಯ ಬುಡಕ್ಕೆ ತಳ್ಳಿ ಗಂಟಲು ಸವರಿದರು. ಸಾಹೇಬ ನುಂಗಿತು.

ವಾಂತಿ ನಿಂತಿತು. ಅತ್ತೆ ತಂಗಿಗೆ ಫೋನ್ ಮಾಡಿ ಹೇಳಿದರು, ಎದುರುಮನೆಯಾಕೆಗೆ ಕಿಟಕಿಯಿಂದ ಕೂಗಿ ಹೇಳಿದರು. ಸಂಜೆ ಗಂಡ ಬಂದಾಗ ನಾಯಿ ಬಾಗಿಲಿಗೆ ಬರಲಿಲ್ಲ. ಊಟದ ತಟ್ಟೆ ಹಾಗೇ ಇತ್ತು.

"ಯಾಕಮ್ಮ, ತಿಂದಿಲ್ವಲ್ಲ ಇದು?"

"ಹೊಟ್ಟೆಗೆ ರಜಾ ಕೊಟ್ಟಿದ್ದಾರೆ ಸಾಹೇಬ್ರು. ನಾಳೆ ನೋಡು, ನಿನ್ನ ತಟ್ಟೆಗೇ ಬಾಯಿ ಹಾಕ್ತಾರೆ."

"ಡಾಕ್ಟ್ರಿಗೆ ತೋರಿಸ್ಬಹುದಿತ್ತು."

"ನೀನೂ ಶುರು ಮಾಡಿದ್ಯಾ? ಇಬ್ಬರೂ ಒಂದೇ ಪಾಠ ಓದ್ಕೊಂಡು ಬಂದಿದ್ದೀರ."

ಇಪ್ಪತ್ತು ಮಹಡಿಯ ಕಟ್ಟಡದಲ್ಲಿ ಹಗ್ಗ ಹಿಡಿದು ಇಳಿಯುವವನಿಗೆ ಅಮ್ಮನ ಎದುರು ಒಂದು ಮೆಟ್ಟಿಲು ಇಳಿಯಲೂ ಧೈರ್ಯವಿರಲಿಲ್ಲ. ಕೋಣೆಗೆ ಬಂದ ಮೇಲೆ ಹೆಂಡತಿಯನ್ನು ಕೇಳಿದ, "ಏನಾದ್ರೂ ಹಾಳುಮೂಳು ತಿಂತಾ ಅದು? ನೀನೇನಾದ್ರೂ ನೋಡಿದ್ಯಾ?"

"ನಾನೇನು ದಿನವಿಡೀ ಅದರ ಹಿಂದೆ ಇರ್ತೀನೇನ್ರೀ?"

ಇದು ಹೆದರಿಕೆಯ ಮಾತಾಗಿರಲಿಲ್ಲ. ಆಡಿದ ಮೇಲೆ ಅವಳಿಗೇ ಅದು ತಿಳಿಯಿತು.

ಮರುದಿನ ಬೆಳಿಗ್ಗೆ ಸಾಹೇಬ ವಿಚಿತ್ರವಾಗಿ ನಿಂತಿತ್ತು. ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಎದೆಯನ್ನು ನೆಲಕ್ಕೊತ್ತಿ, ಹಿಂಭಾಗವನ್ನು ಮಾತ್ರ ಮೇಲೆತ್ತಿಕೊಂಡು. ಹಾಗೆ ನಿಂತು ಸಣ್ಣಗೆ ನಡುಗುತ್ತಿತ್ತು. "ನೋಡೇ, ನಮಸ್ಕಾರ ಮಾಡ್ತಿದ್ದಾರೆ," ಎಂದು ಅತ್ತೆ ನಕ್ಕರು. ನೀರು ಕೊಟ್ಟರೆ ಮೂತಿ ತಿರುಗಿಸಿತು. ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಇಳಿಯುತ್ತಿತ್ತು. ಒಮ್ಮೆ ಹೊಟ್ಟೆ ಹಿಂಡಿಕೊಂಡು ಓಕರಿಸಿತು, ಏನೂ ಬರಲಿಲ್ಲ.

"ಇನ್ನೂ ಓಕರಿಕೆ ಇದೆ. ಮಾತ್ರೆ ಸಾಲ್ದು," ಅತ್ತೆ ತೀರ್ಮಾನಿಸಿದರು. ಬಾಟಲಿಯ ಕತ್ತು ಮುರಿದು ಔಷಧ ಎಳೆದರು, ಸಿರಿಂಜನ್ನು ಬೆಳಕಿಗೆ ಹಿಡಿದು ಬೆರಳಿನಿಂದ ತಟ್ಟಿ ಗಾಳಿ ಬಿಟ್ಟರು. ಮನುಷ್ಯರಿಗೆ ಕೊಡುವ ಔಷಧ. ನಾಯಿಗೆ ಎಷ್ಟು ಎಂಬುದನ್ನು ಕಣ್ಣಳತೆಯಲ್ಲೇ ನಿರ್ಧರಿಸಿದರು. ಕತ್ತಿನ ಹಿಂದಿನ ಸಡಿಲ ಚರ್ಮವನ್ನು ಚಿವುಟಿ ಎತ್ತಿ ಸೂಜಿ ಇಳಿಸಿದರು. ಸಾಹೇಬ ಕುಂಯ್ ಎನ್ನಲಿಲ್ಲ. ಚುಚ್ಚಿದ ಕೈಯನ್ನೇ ನೆಕ್ಕಿತು.

ಸೊಸೆ ಮೆಷಿನ್ನಿಗೆ ಹೋಗಿ ಕೂತಳು. ಕೋಟಿನ ತೋಳಿನ ಹೊಲಿಗೆ ಬಿಚ್ಚುತ್ತಿದ್ದಾಗ ಪಾದಕ್ಕೆ ಏನೋ ಬೆಚ್ಚಗೆ ತಾಗಿತು. ನಾಯಿ ಒಳಕೋಣೆಯಿಂದ ಅಲ್ಲಿಯವರೆಗೆ ತೆವಳಿಕೊಂಡು ಬಂದು ಅವಳ ಪಾದದ ಮೇಲೆ ಗಲ್ಲ ಇಟ್ಟು ಮಲಗಿತ್ತು. ಬಹುವಚನ ಅತ್ತೆಯದಾದರೂ ಅನ್ನ ಕಲಸುತ್ತಿದ್ದುದು ಇವಳು, ಮೈ ತೊಳೆಯುತ್ತಿದ್ದುದು ಇವಳು, ಅಪ್ಪ ಹೋದ ದಿನಗಳಲ್ಲಿ ಮೆಷಿನ್ನಿನ ಕೆಳಗೆ ಕೂತು ಅವಳ ಅಳು ಕೇಳಿಸಿಕೊಂಡದ್ದು ಅದು. ಅವಳು ಕೈ ಇಳಿಬಿಟ್ಟು ಅದರ ಹೊಟ್ಟೆ ಮುಟ್ಟಿದಳು. ಹಲಗೆಯಷ್ಟು ಗಟ್ಟಿ. ನಾಯಿ ಕಣ್ಣು ಮುಚ್ಚಿ ತೆರೆಯಿತು, ಬಾಲದ ತುದಿ ಒಮ್ಮೆ ನೆಲಕ್ಕೆ ಬಡಿಯಿತು.

ಅವಳಿಗೆ ತಡೆಯಲಾಗಲಿಲ್ಲ. ಕತ್ತರಿ ಕೆಳಗಿಟ್ಟು ಎದ್ದಳು. ಹೇಳಿಬಿಡಬೇಕು, ಬೈದರೆ ಬೈಯಲಿ. ಪಾದವನ್ನು ಮೆಲ್ಲಗೆ ಬಿಡಿಸಿಕೊಂಡು ಒಳಕೋಣೆಯ ಬಾಗಿಲಿಗೆ ಹೋದಳು.

ಒಳಗೆ ಎದುರುಮನೆಯಾಕೆ ಕೂತಿದ್ದಳು, ತೋಳಿನ ಪಟ್ಟಿ ಮೇಲೆ ಸರಿಸಿ. ಅತ್ತೆ ಅವಳ ರಕ್ತದೊತ್ತಡ ನೋಡುತ್ತ ಹೇಳುತ್ತಿದ್ದರು:

"ವಾಂತಿ ಅಂದ್ರೆ ಜನಕ್ಕೆ ಏನೋ ಪ್ರಾಣ ಹೋದ ಹಾಗೆ. ಸರಿಯಾದ ಔಷಧ, ಸರಿಯಾದ ಕೈ, ಎರಡಿದ್ರೆ ಸಾಕು. ನಮ್ಮ ಬೀಗರನ್ನೇ ನೋಡಿ. ಎದ್ದೂ ಬಿದ್ದೂ ಕಕ್ತಿದ್ರು. ಒಂದು ಇಂಜೆಕ್ಷನ್ ಕೊಟ್ಟೆ. ಮಗು ಥರ ಮಲಗಿದ್ರು. ಆಮೇಲೆ ಏಳ್ಲೇ ಇಲ್ಲ, ಅದು ಬೇರೆ ಮಾತು."

ಎದುರುಮನೆಯಾಕೆ ಫಕ್ಕನೆ ನಕ್ಕು, ತಪ್ಪಾಯಿತೆಂದು ಬಾಯಿ ಮುಚ್ಚಿಕೊಂಡಳು. ಅತ್ತೆಯೂ ನಕ್ಕರು.

"ಇಲ್ಲ ಕಣ್ರೀ, ನಿಜವಾಗ್ಲೂ. ಅಂಥ ಸಾವು ನಂಗೂ ಬರ್ಲಿ. ನರಳಾಟ ಇಲ್ಲ, ಏನಿಲ್ಲ. ನನ್ನ ಕೈಗುಣ." ಆಗ ಬಾಗಿಲ ಕಡೆ ಕಣ್ಣು ಬಿತ್ತು. "ಏನೇ ಅಲ್ಲಿ? ಗೋಡೆಗೆ ಅಂಟಿಕೊಂಡು ಏನು ಕೇಳಿಸ್ಕೋತಿದ್ದೀಯ? ಏನು ಬೇಕು?"

ಸೊಸೆ ಬಾಗಿಲ ಚೌಕಟ್ಟಿನ ಮೇಲಿಟ್ಟಿದ್ದ ಕೈಯನ್ನು ತೆಗೆದಳು.

"ಏನಿಲ್ಲ ಅತ್ತೆ. ಟೀ ಮಾಡ್ಲಾ ಅಂತ ಕೇಳೋಕೆ ಬಂದೆ."

"ಮಾಡು. ಸಕ್ಕರೆ ಕಮ್ಮಿ."

ಅವಳು ಟೀ ಮಾಡಿದಳು, ಸಕ್ಕರೆ ಕಮ್ಮಿ ಹಾಕಿದಳು. ಮೆಷಿನ್ನಿಗೆ ವಾಪಸು ಬಂದಳು. ನಾಯಿ ಮತ್ತೆ ಅವಳ ಪಾದಕ್ಕೆ ಗಲ್ಲ ತಂದಿತು. ಅವಳು ಪಾದವನ್ನು ಎಳೆದುಕೊಳ್ಳಲೂ ಇಲ್ಲ, ಬಾಗಿ ಮುಟ್ಟಲೂ ಇಲ್ಲ. ಕೋಟಿನ ಎರಡು ತೋಳುಗಳನ್ನೂ ಮುಗಿಸಿದಳು. ಅವತ್ತಿನ ಹೊಲಿಗೆ ಒಂದೆಳೆಯೂ ಆಚೀಚೆ ಆಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಾಹೇಬ ಏಳಲಾಗದೆ ಪಕ್ಕಕ್ಕೆ ಬಿದ್ದುಕೊಂಡಿತು. ವಸಡು ಬೂದಿಯ ಬಣ್ಣಕ್ಕೆ ತಿರುಗಿತ್ತು. ಅತ್ತೆ ಕರೆದರು, ಕಿವಿ ಎಳೆದರು, ಪಕ್ಕೆ ತಟ್ಟಿದರು. ಕೊನೆಗೆ ಮಗನಿಗೆ ಫೋನ್ ಮಾಡುವಾಗ ಅವರ ಬೆರಳು ಮೂರು ಸಲ ತಪ್ಪು ಗುಂಡಿ ಒತ್ತಿತು. ಸೊಸೆ ಫೋನ್ ಇಸಿದುಕೊಂಡು ತಾನೇ ಮಾಡಿದಳು.

ಕಂಪನಿಯ ವ್ಯಾನಿನಲ್ಲಿ, ಲಿಫ್ಟಿನ ಹಗ್ಗ ಸ್ಪ್ಯಾನರುಗಳ ನಡುವೆ, ಹಾಸಿಗೆ ಹಾಸಿ ಮಲಗಿಸಿಕೊಂಡು ಹೋದರು. ಪ್ರಾಣಿ ಡಾಕ್ಟರು ಒಬ್ಬ ಎತ್ತರದ ಹೆಂಗಸು. ಊರಾಚೆಯ ಕುದುರೆ ಲಾಯವನ್ನೂ ನೋಡಿಕೊಳ್ಳುತ್ತಿದ್ದುದರಿಂದ ಎಲ್ಲರೂ ಅವರನ್ನು ಕುದುರೆ ಡಾಕ್ಟರೆಂದೇ ಕರೆಯುತ್ತಿದ್ದರು. ಅವರೂ ಆಗತಾನೆ ಅಲ್ಲಿಂದಲೇ ಬಂದಿದ್ದರು. ಬೂಟಿಗೆ ಲದ್ದಿ ಮೆತ್ತಿತ್ತು, ಅಂಗಿಯ ಎದೆಯ ಮೇಲೆ ಒಣಗಿದ ರಕ್ತ. ಯಾರ ಮುಖವನ್ನೂ ನೋಡದೆ ನಾಯಿಯ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟರು.

"ಎಷ್ಟು ದಿನದಿಂದ ವಾಂತಿ?"

"ನಿನ್ನೆ ಇತ್ತು. ನಿಂತುಹೋಯ್ತು," ಅತ್ತೆ ಹೇಳಿದರು. "ನಾನು ಔಷಧ ಕೊಟ್ಟೆ."

"ಏನು ಕೊಟ್ರಿ?"

ಅತ್ತೆ ಹೆಸರು ಹೇಳಿದರು. ಮಾತ್ರೆ, ಆಮೇಲೆ ಇಂಜೆಕ್ಷನ್. ಡಾಕ್ಟರ ಕೈ ಹೊಟ್ಟೆಯ ಮೇಲೆ ಒಂದೆಡೆ ನಿಂತಿತು. ಬೆರಳುಗಳು ಏನನ್ನೋ ಸುತ್ತುವರಿದವು.

"ಏನಾದ್ರೂ ನುಂಗಿತ್ತಾ? ಮೂಳೆ, ಚೆಂಡು, ಬಟ್ಟೆ? ಯಾರಾದ್ರೂ ನೋಡಿದ್ರಾ?"

ಗಂಡ ಅಮ್ಮನ ಕಡೆ ನೋಡಿದ, ಅತ್ತೆ ಸೊಸೆಯ ಕಡೆ ನೋಡಿದರು.

"ಇಲ್ಲ ಡಾಕ್ಟ್ರೆ," ಸೊಸೆ ಹೇಳಿದಳು.

"ಇಲ್ಲೊಂದು ಗಡ್ಡೆ ಸಿಗ್ತಿದೆ. ಕರುಳಲ್ಲಿ ಏನೋ ಅಡ್ಡ ಕೂತಿದೆ. ದಾರಿ ಕಟ್ಟಿಕೊಂಡಿರೋ ಹೊಟ್ಟೆಗೆ ವಾಂತಿ ನಿಲ್ಲೋ ಔಷಧ ಕೊಡಬಾರದಮ್ಮ. ಹೊಟ್ಟೆ ಮುಟ್ಟಿ, ಎಕ್ಸ್‌ರೇ ತೆಗೆಸಿ, ಒಳಗೇನೂ ಇಲ್ಲ ಅಂತ ಗೊತ್ತಾದ ಮೇಲೆ ಕೊಡೋದು ಅದನ್ನ. ನೀವು ಕಕ್ಕೋದನ್ನ ನಿಲ್ಲಿಸಿದ್ರಿ, ಒಳಗೆ ಕರುಳು ಕೊಳೀತಾ ಇತ್ತು."

"ನಾನು..." ಅತ್ತೆ ಕನ್ನಡಕ ಸರಿಮಾಡಿಕೊಂಡರು. "ನಾನು ಮೇಟ್ರನ್ ಆಗಿದ್ದವಳು."

ಡಾಕ್ಟರು ಕೈತೊಳೆಯಲು ತಿರುಗಿದರು. ಆ ದಿನದ ಸಿಟ್ಟು ಇಳಿದಿರಲಿಲ್ಲವೆಂದು ಕಾಣುತ್ತದೆ; ನಲ್ಲಿಯ ಸದ್ದಿನ ಮೇಲೆ ಜೋರಾಗಿಯೇ ಹೇಳಿದರು.

"ಬೆಳಿಗ್ಗೆ ಲಾಯದಲ್ಲೂ ಇದೇ ಕಥೆ. ಕುದುರೆ ಮೇವು ಬಿಟ್ಟಿದೆ, ಹೊಟ್ಟೆ ತೊಳಸ್ತಿರಬೇಕು ಅಂತ ಯಾರೋ ಬುದ್ಧಿವಂತ ಮನುಷ್ಯರ ಇಂಜೆಕ್ಷನ್ ಚುಚ್ಚಿದ್ದಾನೆ. ಕುದುರೆಗೆ ವಾಂತಿ ಮಾಡೋಕೇ ಬರಲ್ಲ, ಅದರ ಹೊಟ್ಟೆ ಇರೋದೇ ಹಾಗೆ. ಔಷಧ ತಲೆಗೇರಿ ಹುಚ್ಚೆದ್ದು ಗೋಡೆಗೆ ಒದ್ದು ಒದ್ದು ಕಾಲು ಮುರ್ಕೊಳ್ತು. ಅದನ್ನ ಶಾಶ್ವತವಾಗಿ ಮಲಗಿಸಿ ಬರ್ತಿದ್ದೀನಿ. ಎಲ್ಲರಿಗೂ ಸೂಜಿ ಹಿಡಿಯೋಕೆ ಬರತ್ತೆ." ಕೈ ಒರೆಸಿಕೊಂಡರು. "ಮೇಟ್ರನ್ ಆಗಿದ್ದೆ ಅಂತೀರಿ. ಮನುಷ್ಯರು ವಾಂತಿ ಅಂತ ಬಂದ್ರೆ, ಯಾಕೆ ಅಂತ ನೋಡದೆ ಚುಚ್ಚಿ ಮನೆಗೆ ಕಳಿಸ್ತಿದ್ರಾ?"

ಅತ್ತೆ ಉತ್ತರಕ್ಕೆಂದು ಬಾಯಿ ತೆರೆದರು. ಅವರ ಕಣ್ಣು ನಿಧಾನವಾಗಿ ಸೊಸೆಯ ಕಡೆಗೆ ತಿರುಗಿತು. ಅಪ್ಪ ಹೋದಾಗಿನಿಂದ ಆ ಕಣ್ಣು ಅವಳನ್ನು ಹಾಗೆ ನೋಡಿದ್ದೇ ಇಲ್ಲ. ಸೊಸೆ ಕೆಳಗೆ ನೋಡುತ್ತ ನಾಯಿಯ ಕಿವಿಯನ್ನು ಸರಿಪಡಿಸಿದಳು.

ಅರಿವಳಿಕೆ ಕೊಟ್ಟು ಹೊಟ್ಟೆ ತೆರೆಯಲು ನಾಯಿಯನ್ನು ಒಳಗೆ ಒಯ್ದರು. ಹೊರಗೆ ಉದ್ದನೆಯ ಬೆಂಚು, ಅದರ ತುದಿಯಲ್ಲಿ ಬುಟ್ಟಿಯೊಳಗೆ ಬೆಕ್ಕು ಇಟ್ಟುಕೊಂಡು ಕೂತ ಮುದುಕ. ಬಹಳ ಹೊತ್ತಾಗಲಿಲ್ಲ. ಡಾಕ್ಟರು ಬಾಗಿಲು ಅರ್ಧ ತೆರೆದು ನಿಂತರು. ಕೈಯಲ್ಲಿ ಸ್ಟೀಲಿನ ಬಟ್ಟಲು. ಅದರಲ್ಲಿ ಕಪ್ಪಿಟ್ಟ, ಹೆಬ್ಬೆರಳಿಗಿಂತ ದಪ್ಪನೆಯ ತುಂಡು. ಅದರ ಮೈಮೇಲೆ ಸಾಲು ಸಾಲು ಗುಳಿ.

"ಜೋಳದ ದಿಂಡು. ಕರುಳು ಎರಡು ಕಡೆ ತೂತಾಗಿದೆ, ಒಳಗೆಲ್ಲ ಕೀವು. ನಿನ್ನೆ ಬಂದಿದ್ರೆ ಬರೀ ಹೊಲಿಗೆ ಕೆಲಸ. ಈಗ ಹೊಲಿದ್ರೂ ನಿಲ್ಲಲ್ಲ. ಎಬ್ಬಿಸಿದ್ರೆ ನರಳಿ ಸಾಯತ್ತೆ. ಎಬ್ಬಿಸದೆ ಹಾಗೇ ಬಿಡೋದು ಒಳ್ಳೇದು. ನೀವು ಹೇಳ್ಬೇಕು."

ಗಂಡ ಬಟ್ಟಲನ್ನೇ ನೋಡುತ್ತಿದ್ದ. ಬದುಕಿನುದ್ದಕ್ಕೂ ಮಂಚದಿಂದ ಮಂಚಕ್ಕೆ ಆಜ್ಞೆ ಕೊಟ್ಟುಕೊಂಡು ನಡೆದ ಅತ್ತೆ ಸೊಸೆಯ ತೋಳು ಹಿಡಿದುಕೊಂಡರು.

"ಎಬ್ಬಿಸ್ಬೇಡಿ ಡಾಕ್ಟ್ರೆ," ಸೊಸೆ ಹೇಳಿದಳು.

ಗಂಡ ವ್ಯಾನ್ ತಿರುಗಿಸುವ ನೆಪದಲ್ಲಿ ಹೊರಗೆ ಹೋದ. ಅವಳು ಹಿಂದೆಯೇ ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ಅವನು ಕೀಲಿ ಹಾಕಿದ, ತಿರುಗಿಸಲಿಲ್ಲ.

"ಜೋಳ ತಿಂದಿದ್ದು ನಾವಿಬ್ಬರೇ," ಎಂದ.

"ಹೂಂ."

"ನಿಂಗೆ ಗೊತ್ತಿತ್ತಾ?"

ಅವಳಿಗೆ ಅವನ ಹತ್ತಿರ ಸುಳ್ಳು ಹೇಳುವ ಅಗತ್ಯ ಕಾಣಲಿಲ್ಲ. "ಗೊತ್ತಿತ್ತು. ನನ್ನೆದುರಿಗೇ ನುಂಗಿದ್ದು."

ಅವನು ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟುಕೊಂಡ. ಎದುರಿನ ಗೋಡೆಯ ಮೇಲೆ ಯಾರೋ ಬಿಳಿ ಬಳಿಯುತ್ತಿದ್ದರು. ಬ್ರಷ್ ಮೇಲೆ ಹೋಗಿ ಕೆಳಗೆ ಬರುವುದನ್ನೇ ನೋಡಿದ.

"ಅಮ್ಮನ ಮೇಲೆ ಸಿಟ್ಟಿತ್ತು, ಸರಿ. ಆ ಮೂಕಪ್ರಾಣಿ ಏನು ಮಾಡಿತ್ತೇ? ನಿನ್ನ ಕೈಯಿಂದ ಉಣ್ತಿತ್ತಲ್ಲೇ ಅದು."

"ನಮ್ಮಪ್ಪ ಏನು ಮಾಡಿದ್ರು ರೀ?"

ಅವಳು ಕಾದಳು. ಬೈಯುತ್ತಾನೆ, ಕೆಳಗಿಳಿ ಎನ್ನುತ್ತಾನೆ, ಕೈ ಎತ್ತಿದರೂ ಎತ್ತಬಹುದು ಎಂದುಕೊಂಡಳು. ಅವನು ಅಂದದ್ದು ಇಷ್ಟೇ: "ಅಮ್ಮನಿಗೆ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ?"

ಒಳಗೆ ಅತ್ತೆ ಕೈತೊಳೆಯುವ ತೊಟ್ಟಿಯ ಮುಂದೆ ನಿಂತಿದ್ದರು. ನಲ್ಲಿ ಸುರಿಯುತ್ತಿತ್ತು, ಕೈ ನೀರಿನ ಕೆಳಗಿರಲಿಲ್ಲ. ಸೊಸೆ ಬಂದು ನಲ್ಲಿ ನಿಲ್ಲಿಸಿದಳು.

"ನಾನು ಕೊಂದೆ ಅಲ್ವಾ?" ಅತ್ತೆ ಕೇಳಿದರು. "ಬೀದಿಯಲ್ಲೆಲ್ಲೋ ನುಂಗಿರ್ಬೇಕು ಆ ದಿಂಡನ್ನ. ನಿನ್ನೆ ನೀನು ಬಡ್ಕೊಂಡೆ, ಡಾಕ್ಟ್ರ ಹತ್ರ ಹೋಗೋಣ ಅಂತ. ನಾನು ಕೇಳ್ಲಿಲ್ಲ. ಹಾಗಾದ್ರೆ ಅವತ್ತು... ನಿಮ್ಮಪ್ಪನಿಗೂ ನಾನು..."

"ಬಿಡಿ ಅತ್ತೆ. ಈಗ್ಯಾಕೆ ಅದೆಲ್ಲ."

"ಇಲ್ಲ, ಹೇಳ್ಬೇಕು ನಾನು. ನಿಮ್ಮಪ್ಪ..."

"ನಡೀರಿ ಅತ್ತೆ. ವ್ಯಾನು ಕಾಯ್ತಿದೆ." ಅವಳು ತುಂಬ ಮೃದುವಾಗಿ, ಹೆಗಲು ಬಳಸಿ, ಅವರನ್ನು ನಡೆಸಿಕೊಂಡು ಬಂದಳು. ಬೆಂಚಿನ ಮೇಲಿದ್ದ ಮುದುಕ ಇಂಥ ಸೊಸೆ ಸಿಗಬೇಕು ಎಂಬಂತೆ ತಲೆ ಆಡಿಸಿದ.

ಮನೆಯಲ್ಲಿ ದಿನಗಳು ಹೊಸ ರೀತಿಯಲ್ಲಿ ನಡೆಯತೊಡಗಿದವು. ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದವರನ್ನು ಅತ್ತೆ ಆಸ್ಪತ್ರೆಗೆ ಹೋಗಿ ಎಂದು ಕಳಿಸಿದರು. ಮೊದಮೊದಲು ಜನ ಬೇಜಾರು ಮಾಡಿಕೊಂಡರು, ಆಮೇಲೆ ಬರುವುದನ್ನೇ ಬಿಟ್ಟರು. ಡಬ್ಬಿಯ ಮಾತ್ರೆ, ಸೂಜಿಗಳನ್ನೆಲ್ಲ ಅತ್ತೆ ಒಂದು ಬೆಳಿಗ್ಗೆ ಕಸದ ಗಾಡಿಗೆ ಹಾಕಿಸಿದರು. ಎದುರುಮನೆಯಾಕೆಯ ಕಿಟಕಿಗೆ ಬೆನ್ನು ಹಾಕಿ ಕೂರುವುದು ಅಭ್ಯಾಸವಾಯಿತು. ಜೋರು ದನಿ ಎಲ್ಲಿ ಹೋಯಿತೋ, ಈಗ ಅವರು ನೀರು ಕೇಳಿದರೂ ಒಮ್ಮೆಗೆ ಕೇಳಿಸುತ್ತಿರಲಿಲ್ಲ.

ಆ ಒಂದು ಮಾತನ್ನು ಮಾತ್ರ ಅವರು ಬಿಡಲಿಲ್ಲ. ಸೊಸೆ ಹೊಲಿಯುವಾಗ ಬಂದು ಹತ್ತಿರ ಕೂರುತ್ತಿದ್ದರು. "ನಿಮ್ಮಪ್ಪನ ವಿಷಯ..." ಎಂದು ಶುರು ಮಾಡುತ್ತಿದ್ದರು. ಸೊಸೆ ಪೆಡಲ್ ಒತ್ತುತ್ತಿದ್ದಳು. ಮೆಷಿನ್ನಿನ ಸದ್ದಿನಲ್ಲಿ ಉಳಿದದ್ದು ಮುಳುಗುತ್ತಿತ್ತು. ಸದ್ದು ನಿಂತಾಗ ಅತ್ತೆ ಮತ್ತೆ ಬಾಯಿ ತೆರೆಯುವುದರೊಳಗೆ, "ಅತ್ತೆ, ನಿಮ್ಮ ಹಾಲು ಆರ್ತಿದೆ ನೋಡಿ," ಎನ್ನುತ್ತಿದ್ದಳು. ಒಮ್ಮೆ ಅವರು ಅವಳ ಕೈ ಹಿಡಿದು, "ಒಂದ್ಸಲ ಬೈದುಬಿಡು, ನಿನ್ನ ದಮ್ಮಯ್ಯ," ಎಂದು ಅತ್ತೇಬಿಟ್ಟರು. ಸೊಸೆ ಸೆರಗಿನಿಂದ ಅವರ ಕಣ್ಣೊರೆಸಿದಳು. "ನಿಮ್ಮನ್ನ ಬೈತಾರಾ ಅತ್ತೆ ಯಾರಾದ್ರೂ?" ಎಂದಳು. ಅವರು ಆ ದಿನ ಊಟ ಮಾಡಲಿಲ್ಲ.

ಅವರ ರಕ್ತದೊತ್ತಡದ ಮಾತ್ರೆ, ನಿದ್ದೆಯ ಮಾತ್ರೆ ಎಲ್ಲವನ್ನೂ ಈಗ ಸೊಸೆಯೇ ಕೊಡುತ್ತಿದ್ದಳು. ಯಾವುದು ಏನು ಎಂದು ಅತ್ತೆ ಕೇಳುತ್ತಿರಲಿಲ್ಲ. ಅವಳು ಬಂದ ಸಪ್ಪಳಕ್ಕೇ ಅಂಗೈ ಚಾಚುತ್ತಿದ್ದರು, ಬಿದ್ದದ್ದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ನುಂಗುತ್ತಿದ್ದರು. ನುಂಗಿ, ಸರಿಯಾಗಿ ನುಂಗಿದೆನೇ ಎಂಬಂತೆ ಅವಳ ಮುಖ ನೋಡುತ್ತಿದ್ದರು.

ಗಂಡ ಎಂದಿನಂತೆಯೇ ಇದ್ದ. ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ಬರುವಾಗ ಹಣ್ಣು ತರುತ್ತಿದ್ದ. ಜೋಳ ತರುತ್ತಿರಲಿಲ್ಲ, ಅಷ್ಟೆ. ಆ ವ್ಯಾನಿನ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಎಲ್ಲವೂ ತಿಳಿಯಾಯಿತು ಎಂದೇ ಅವಳು ಎಣಿಸಿದ್ದಳು.

ಚಳಿ ಶುರುವಾದ ಒಂದು ಭಾನುವಾರ ಅವನು ಮೈಕೈ ನೋವೆಂದು ಹಾಸಿಗೆ ಬಿಟ್ಟೇಳಲಿಲ್ಲ. ಹಣೆ ಮುಟ್ಟಿದರೆ ಸುಡುತ್ತಿತ್ತು. ಅವಳು ಔಷಧದ ಅಂಗಡಿಗೆ ಹೋಗಿ ಜ್ವರದ ಮಾತ್ರೆ ತಂದು, ಹಾಳೆಯಿಂದ ಒಂದನ್ನು ಬಿಡಿಸಿ, ಬಿಸಿನೀರಿನ ಲೋಟದ ಜೊತೆ ಅವನ ಮುಂದೆ ಹಿಡಿದಳು.

ಅವನು ಮಾತ್ರೆ ತೆಗೆದುಕೊಂಡ. ಬಾಯಿಗೆ ಹಾಕಲಿಲ್ಲ.

"ಹಾಳೆ ಎಲ್ಲಿ?" ಎಂದ.

ಅವಳು ಕೊಟ್ಟಳು. ಅವನು ದಿಂಬಿಗೆ ಆನಿಸಿಕೊಂಡು ಎದ್ದು ಕೂತು, ಕಿಟಕಿಯ ಪರದೆಯನ್ನು ಒಂದು ಗೇಣು ಸರಿಸಿದ. ಬೆಳಕಿಗೆ ಹಿಡಿದು ಹಾಳೆಯ ಹಿಂಬದಿಯಲ್ಲಿ ಅಚ್ಚಾದ ಸಣ್ಣ ಅಕ್ಷರಗಳನ್ನು, ತುಟಿ ಅಲುಗಿಸುತ್ತ, ಮೊದಲಿಂದ ಓದತೊಡಗಿದ. ಅವಳು ಲೋಟ ಹಿಡಿದು ನಿಂತೇ ಇದ್ದಳು. ನೀರಿನ ಹಬೆ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುತ್ತ ಬಂತು.